ನೆರೆಗಾಗಿ ಕಾಯುವ ಕಾಡು: ಡ್ಯಾನ್ಯೂಬ್ ದಂಡೆಯ ಹೈನ್‌ಬುರ್ಗ್ ಪ್ರಕರಣ

ಆಸ್ಟ್ರಿಯಾದ ವಿಯೆನ್ನಾ ನಗರವನ್ನು ದಾಟಿದ ಡ್ಯಾನ್ಯೂಬ್ ನದಿ ಪೂರ್ವಕ್ಕೆ ಹರಿದು ಸ್ಲೊವಾಕಿಯಾದ ಗಡಿ ಮುಟ್ಟುವವರೆಗೂ ಒಂದು ಕಾಡು ಅದರ ದಂಡೆಗೆ ಅಂಟಿಕೊಂಡೇ ಸಾಗುತ್ತದೆ. ಉದ್ದ ಸುಮಾರು 38 ಕಿಲೋಮೀಟರ್, ಅಗಲ ಹೆಚ್ಚೆಂದರೆ ನಾಲ್ಕು. ಕಾಡಿನ ಪಶ್ಚಿಮದ ತುದಿ ಒಂದು ರಾಜಧಾನಿಯ ಒಳಗೇ ಇದೆ. ಪೂರ್ವದ ತುದಿ ದಾಟಿದರೆ ಇನ್ನೊಂದು ರಾಜಧಾನಿ ಬ್ರಾಟಿಸ್ಲಾವಾ. ಆ ಸೀಮೆಯ ಜನ ಇಂಥ ಕಾಡನ್ನು 'ಆವ್' ಎನ್ನುತ್ತಾರೆ. ಹೊಳೆಯ ನೀರು ಬಂದು ಹೋಗುವ ನೆಲ, ಆ ನೆಲದ ಮರ, ಹುಲ್ಲು, ಮಡು ಎಲ್ಲವೂ ಆ ಒಂದು ಪದದೊಳಗಿವೆ. ನಮ್ಮಲ್ಲಿ ಊರ ಹೆಸರಿನ ಕೊನೆಗೆ ಕೆರೆ, ಹಳ್ಳ, ಹೊಳೆ ಬಂದು ನಿಲ್ಲುವಂತೆ ಅಲ್ಲಿ ಈ ಪದ ಬಂದು ನಿಲ್ಲುತ್ತದೆ: ಲೋಬಾವ್, ಷೋನಾವ್, ಎಕಾರ್ಟ್ಸಾವ್, ಫ್ರಾಯ್ಡೆನಾವ್. ಕನ್ನಡದಲ್ಲಿ ಅದಕ್ಕೆ ಸಾಟಿಯಾದ ಒಂದೇ ಪದ ನನಗೆ ಸಿಗದ ಕಾರಣ ಈ ಬರಹದಲ್ಲಿ ಅದನ್ನು ನೆರೆಗಾಡು ಎಂದು ಕರೆಯುತ್ತೇನೆ.

1984ರ ಡಿಸೆಂಬರಿನಲ್ಲಿ ಈ ನೆರೆಗಾಡನ್ನು ಕಡಿದು ಜಲವಿದ್ಯುತ್ತಿನ ಅಣೆಕಟ್ಟು ಕಟ್ಟಲು ಹೊರಟಾಗ ಸಾವಿರಾರು ಜನ ಚಳಿಯಲ್ಲಿ ಬೀಡುಬಿಟ್ಟು ತಡೆದರು. ಅಣೆಕಟ್ಟು ಬರಲಿಲ್ಲ. ಹನ್ನೆರಡು ವರ್ಷಗಳ ನಂತರ ಅದೇ ಕಾಡು ರಾಷ್ಟ್ರೀಯ ಉದ್ಯಾನವಾಯಿತು. ಹೈನ್‌ಬುರ್ಗ್ ಎಂಬ ಪುಟ್ಟ ಊರಿನ ಹೆಸರಿನಲ್ಲಿ ನೆನೆಯಲಾಗುವ ಈ ಪ್ರಕರಣವನ್ನು ಸಾಮಾನ್ಯವಾಗಿ ಮರಗಳು ಉಳಿದ ಕಥೆಯಾಗಿ ಹೇಳುತ್ತಾರೆ. ನನಗೆ ಅದು ನೀರಿನ ಕಥೆಯಾಗಿಯೇ ಕಾಣುತ್ತದೆ. ಮರಗಳು 1984ರಲ್ಲಿ ಉಳಿದವು ನಿಜ. ಆದರೆ ಆ ಮರಗಳನ್ನು ಹುಟ್ಟಿಸಿ ಬೆಳೆಸಿದ್ದ ನೆರೆಯನ್ನು ಅದಕ್ಕೂ ನೂರು ವರ್ಷ ಮೊದಲೇ ಕಾಡಿನಿಂದ ಕಸಿದುಕೊಳ್ಳಲಾಗಿತ್ತು. ಅದನ್ನು ಮರಳಿಸುವ ಕೆಲಸ ಇನ್ನೂ ನಡೆದೇ ಇದೆ.

ನೀರು ಕಟ್ಟಿದ ಕಾಡು

ಡ್ಯಾನ್ಯೂಬ್ ಇಲ್ಲಿ ಬಯಲಿನ ಹೊಳೆಯಂತೆ ಕಂಡರೂ ಅದರ ಗುಣ ಬೆಟ್ಟದ ಹೊಳೆಯದು. ಆಲ್ಪ್ಸ್ ಪರ್ವತದ ಹಿಮ ಕರಗಿ ಬರುವುದರಿಂದ ಚಳಿಗಾಲದಲ್ಲಿ ಇಳಿದಿರುವ ನದಿ ಬೇಸಗೆಯ ಆರಂಭದಲ್ಲಿ ಉಕ್ಕುತ್ತದೆ. ಕನಿಷ್ಠ ಮಟ್ಟಕ್ಕೂ ಗರಿಷ್ಠ ಮಟ್ಟಕ್ಕೂ ನಡುವೆ ಏಳು ಮೀಟರ್‌ವರೆಗೆ ವ್ಯತ್ಯಾಸವಿರುತ್ತದೆ, ಎಂದರೆ ಎರಡು ಅಂತಸ್ತಿನ ಮನೆಯ ಎತ್ತರ. ನೀರು ಏರಿದಾಗ ಒಣಗಿದ್ದ ಕವಲುಗಳು ತುಂಬುತ್ತವೆ, ಕವಲುಗಳಿಂದ ತಗ್ಗುಗಳಿಗೆ, ತಗ್ಗುಗಳಿಂದ ಮರಗಳ ನಡುವಿಗೆ ನೀರು ಹರಿಯುತ್ತದೆ. ಮೀನುಗಳು ಹುಲ್ಲುಗಾವಲಿನ ಮೇಲೆ ಈಜಿ ಮೊಟ್ಟೆಯಿಡುತ್ತವೆ. ನೀರು ಇಳಿಯುವಾಗ ಮೆಕ್ಕಲು ಮಣ್ಣನ್ನು ಬಿಟ್ಟು, ಒಂದು ಕಡೆಯ ದಂಡೆಯನ್ನು ಕೊರೆದು, ಇನ್ನೊಂದು ಕಡೆ ಉರುಟು ಕಲ್ಲಿನ ಹೊಸ ದಿಬ್ಬವನ್ನು ಒಟ್ಟಿ ಹೋಗುತ್ತದೆ. ಹೊಳೆಯ ನಡುವೆ ಎದ್ದ ಆ ಹಸಿ ದಿಬ್ಬವನ್ನು ನಮ್ಮ ಕರಾವಳಿಯವರು ಕುದುರು ಎಂದು ಕರೆದಾರು.

ಈ ದಿಬ್ಬದ ಮೇಲೆಯೇ ನೆರೆಗಾಡಿನ ವಂಶ ನಿಂತಿದೆ. ಕಪ್ಪು ಪಾಪ್ಲರ್ ಮರವನ್ನು ನೋಡಿ. ಅದರ ಬೀಜ ಅರಳೆಯಂತೆ ಗಾಳಿಯಲ್ಲಿ ಹಾರಿಬರುತ್ತದೆ. ಮೊಳೆಯುವ ಶಕ್ತಿ ಅದರಲ್ಲಿ ಉಳಿಯುವುದು ಕೆಲವೇ ದಿನ. ಅಷ್ಟರೊಳಗೆ ಅದಕ್ಕೆ ಬೇರೆ ಗಿಡವಿಲ್ಲದ, ನೆರಳಿಲ್ಲದ, ತೇವವಿರುವ ಬರಿಯ ಕಲ್ಲು ಮರಳಿನ ನೆಲ ಸಿಗಬೇಕು. ಅಂಥ ನೆಲವನ್ನು ಸಿದ್ಧ ಮಾಡಿಕೊಡುವುದು ಆಗತಾನೇ ಇಳಿದ ನೆರೆ ಮಾತ್ರ. ನೆರೆ ದಂಡೆಯನ್ನು ಮುರಿಯುವುದನ್ನು ನಿಲ್ಲಿಸಿದರೆ ಮುದಿ ಪಾಪ್ಲರುಗಳು ಗಂಭೀರವಾಗಿ ನಿಂತೇ ಇರುತ್ತವೆ, ಆದರೆ ಅವುಗಳ ಕಾಲ ಬುಡದಲ್ಲಿ ಒಂದು ಸಸಿಯೂ ಇರುವುದಿಲ್ಲ. ನೋಡುವವರ ಕಣ್ಣಿಗೆ ಕಾಡು ಸುಭಿಕ್ಷವಾಗಿದೆ, ಮಕ್ಕಳಿಲ್ಲದ ಮನೆಯೆಂದು ತಿಳಿಯುವುದು ತಡವಾಗಿ.

ನೀರಿಗೆ ಹತ್ತಿರ ವಿಲ್ಲೋ ಮತ್ತು ಪಾಪ್ಲರ್, ಅಂದರೆ ಮೆದುಮರಗಳ ಕಾಡು. ಸ್ವಲ್ಪ ಎತ್ತರದಲ್ಲಿ ಓಕ್, ಆಶ್, ಎಲ್ಮ್ ಮುಂತಾದ ಗಡಸುಮರಗಳ ಕಾಡು. ಎರಡರ ನಡುವಿನ ಎತ್ತರದ ಅಂತರ ಹಲವೆಡೆ ಆಳುದ್ದವೂ ಇಲ್ಲ. ಬಿಳಿ ವಿಲ್ಲೋ ತಿಂಗಳುಗಟ್ಟಲೆ ನೀರಿನಲ್ಲಿ ನಿಂತರೂ ಸಾಯುವುದಿಲ್ಲ. ಗಡಸುಮರಗಳಿಗೆ ನೆರೆ ಆಗೊಮ್ಮೆ ಈಗೊಮ್ಮೆ ಬಂದು ಬೇಗ ಇಳಿದರೆ ಸಾಕು. ಇವೆರಡಕ್ಕೂ ಸೇರದ ಮೂರನೆಯದೊಂದಿದೆ, ನನಗೆ ಅದೇ ಹೆಚ್ಚು ಅಚ್ಚರಿಯದು. ಹಳೆಯ ಮಹಾಪೂರಗಳು ಒಟ್ಟಿಹೋದ ಎತ್ತರದ ಕಲ್ಲುದಿಬ್ಬಗಳಲ್ಲಿ ನೀರು ನಿಲ್ಲುವುದೇ ಇಲ್ಲ. ಬಿಸಿಲಿಗೆ ಕಾದು ಒಣಗುವ ಆ ಜಾಗಗಳಿಗೆ ಅಲ್ಲಿಯವರು 'ಬಿಸಿನೆಲ' ಎಂಬರ್ಥದ ಹೆಸರಿಟ್ಟಿದ್ದಾರೆ. ಜೌಗಿನ ನಟ್ಟನಡುವೆ ಕುರುಚಲು ಮುಳ್ಳುಗಿಡ, ಒಣಹುಲ್ಲು, ಆರ್ಕಿಡ್. ಅರ್ಧ ಗಂಟೆಯ ನಡಿಗೆಯಲ್ಲಿ ಕೆಸರಿನಿಂದ ಬಯಲುಸೀಮೆಗೆ ಬಂದಂತೆ.

ಇಂದಿನ ಉದ್ಯಾನದಲ್ಲಿ ಸುಮಾರು ಮೂರನೇ ಎರಡು ಭಾಗ ಕಾಡು, ಐದನೇ ಒಂದು ಭಾಗ ನೀರು, ಉಳಿದದ್ದು ಹುಲ್ಲುಗಾವಲು ಮತ್ತು ಇತರ ನೆಲ. ಎಂಟುನೂರಕ್ಕೂ ಹೆಚ್ಚು ಬಗೆಯ ಗಿಡಮರಗಳು, ಗೂಡು ಕಟ್ಟುವ ಸುಮಾರು ನೂರು ಬಗೆಯ ಹಕ್ಕಿಗಳು, ಅರವತ್ತರಷ್ಟು ಬಗೆಯ ಮೀನುಗಳು ಇಲ್ಲಿವೆ. ಮಿಂಚುಳ್ಳಿಗೆ ಗೂಡು ಕೊರೆಯಲು ನೆರೆ ಕಡಿದ ನೆಟ್ಟನೆಯ ಮಣ್ಣಿನ ಗೋಡೆಯೇ ಬೇಕು. ಯುರೋಪಿನ ಕೊಳದಾಮೆಯ ಆಸ್ಟ್ರಿಯಾದ ಕೊನೆಯ ಸಂತತಿ ಬದುಕಿರುವುದು ಇದೇ ಕಾಡಿನಲ್ಲಿ. ನಾಯಿಮೀನು ಎಂಬರ್ಥದ ಹೆಸರಿನ ಒಂದು ಪುಟ್ಟ ಮೀನು ಆಸ್ಟ್ರಿಯಾದಲ್ಲಿ ಅಳಿದೇಹೋಯಿತೆಂದು ಬರೆದಿಟ್ಟಿದ್ದರು. 1992ರಲ್ಲಿ ಅದು ಇಲ್ಲಿನ ಹೂಳು ತುಂಬಿದ ಹಳೆಯ ಕವಲಿನಲ್ಲಿ ಮತ್ತೆ ಸಿಕ್ಕಿತು.

ಮನುಷ್ಯರ ಕಾಡೂ ಹೌದು

ಇದು ಮನುಷ್ಯನ ಕೈ ಸೋಕದ ಕಾಡಲ್ಲ. ದಕ್ಷಿಣ ದಂಡೆಯ ಕಾರ್ನುಂಟುಮ್ ರೋಮನ್ ಸಾಮ್ರಾಜ್ಯದ ದೊಡ್ಡ ಗಡಿನಗರವಾಗಿತ್ತು. ನದಿ ಆಗ ಸಾಮ್ರಾಜ್ಯದ ಎಲ್ಲೆ. ಆಚೆಯ ನೆರೆಗಾಡು ಪರರ ನಾಡು. ಶತಮಾನಗಳ ನಂತರ ಹ್ಯಾಬ್ಸ್‌ಬರ್ಗ್ ದೊರೆಗಳು ಇದನ್ನು ಬೇಟೆಯ ಕಾಡಾಗಿ ಇಟ್ಟುಕೊಂಡರು. ಉತ್ತರ ದಂಡೆಯ ಆಚೆಗಿರುವ ಮಾರ್ಖ್‌ಫೆಲ್ಡ್ ಬಯಲು ಆಸ್ಟ್ರಿಯಾದ ಧಾನ್ಯದ ಕಣಜ. ನೇಗಿಲು ಕಾಡಿನ ಅಂಚಿನವರೆಗೆ ಬಂದು ನಿಂತದ್ದಕ್ಕೆ ನೆರೆಯ ಭಯ ಒಂದು ಕಾರಣವಾದರೆ ಅರಮನೆಯ ಬೇಟೆಯ ಹಕ್ಕು ಇನ್ನೊಂದು ಕಾರಣ. ಒರ್ತ್ ಕೋಟೆಯಲ್ಲಿ ತಂಗಿ ಬೇಟೆಯಾಡುತ್ತಿದ್ದ ಯುವರಾಜ ರುಡಾಲ್ಫ್ ಹಕ್ಕಿಗಳ ಅಧ್ಯಯನವನ್ನೂ ಶ್ರದ್ಧೆಯಿಂದ ಮಾಡಿದವನು. ಎಕಾರ್ಟ್ಸಾವ್ ಅರಮನೆಯಂತೂ ಒಂದು ಸಾಮ್ರಾಜ್ಯದ ಕೊನೆಯ ದಿನಗಳಿಗೆ ಸಾಕ್ಷಿ. 1918ರ ನವೆಂಬರಿನಲ್ಲಿ ಕೊನೆಯ ಚಕ್ರವರ್ತಿ ಕಾರ್ಲ್ ವಿಯೆನ್ನಾ ಬಿಟ್ಟು ಬಂದದ್ದು ಈ ಬೇಟೆಯ ಮನೆಗೆ. ಹಂಗೆರಿಯ ಆಡಳಿತದಿಂದ ಹಿಂದೆ ಸರಿಯುವ ಪತ್ರಕ್ಕೆ ಅವನು ಸಹಿ ಹಾಕಿದ್ದೂ ಇಲ್ಲಿಯೇ. ಮರುವರ್ಷದ ಮಾರ್ಚಿನಲ್ಲಿ ಇಲ್ಲಿಂದಲೇ ಕುಟುಂಬ ಸಮೇತ ಸ್ವಿಟ್ಜರ್‌ಲೆಂಡಿಗೆ ಹೊರಟುಹೋದನು.

ವಿಯೆನ್ನಾದ ಪಾಲಿನ ಲೋಬಾವ್ ಭಾಗಕ್ಕೆ ಬೇರೆಯೇ ನೆನಪುಗಳಿವೆ. 1809ರ ಮೇ ತಿಂಗಳಲ್ಲಿ ಆಸ್ಪೆರ್ನ್ ಕಾಳಗದಲ್ಲಿ ಹಿಮ್ಮೆಟ್ಟಿದ ನೆಪೋಲಿಯನ್ನನ ಸೈನ್ಯ ಈ ನೆರೆಗಾಡಿನ ನಡುಗಡ್ಡೆಯಲ್ಲಿ ಬೀಡುಬಿಟ್ಟು, ಜುಲೈನಲ್ಲಿ ವಾಗ್ರಾಮ್ ಕಾಳಗಕ್ಕೆ ಇಲ್ಲಿಂದಲೇ ದಾಟಿತು. ಆ ದಿನಗಳನ್ನು ನೆನಪಿಸುವ ಕಲ್ಲುಗಳು ಮರಗಳ ನಡುವೆ ಈಗಲೂ ನಿಂತಿವೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬಲವಂತದ ದುಡಿಮೆಗೆ ಹಚ್ಚಲ್ಪಟ್ಟವರು ತೋಡಿ ಅರ್ಧಕ್ಕೆ ಬಿಟ್ಟ ಕಾಲುವೆಯ ತುಂಡುಗಳಲ್ಲಿ ಇಂದು ವಿಯೆನ್ನಾದ ಮಕ್ಕಳು ಈಜುತ್ತಾರೆ.

ದೊರೆಗಳ ಮತ್ತು ಕಾಳಗಗಳ ಕಥೆಗಿಂತ ಹಳ್ಳಿಗರ ಬಾಳ್ವೆಯೇ ಈ ಕಾಡಿನ ಮೇಲೆ ಹೆಚ್ಚು ಗುರುತು ಬಿಟ್ಟಿದೆ ಎನ್ನುವುದು ನನ್ನ ಎಣಿಕೆ. ಒರ್ತ್, ಎಕಾರ್ಟ್ಸಾವ್, ಸ್ಟಾಪ್ಫೆನ್‌ರಾಯ್ಟ್ ಮುಂತಾದ ಊರುಗಳಿಗೆ ಸೌದೆ, ಹುಲ್ಲು, ಮೀನು ಬಂದದ್ದು ಇಲ್ಲಿಂದ. ಮರವನ್ನು ಬುಡಕ್ಕೆ ಕಡಿದು ಚಿಗುರಲು ಬಿಟ್ಟು ಮತ್ತೆ ಕಡಿಯುವ ಕ್ರಮವಿತ್ತು. ಒಂದೇ ಬುಡದಿಂದ ನಾಲ್ಕೈದು ಕಾಂಡ ಎದ್ದ ಹಳೆಯ ಮರಗಳು ಅದನ್ನೇ ಹೇಳುತ್ತವೆ. ಚೌಕದ ದೊಡ್ಡ ಬಲೆಯನ್ನು ಮರದ ತೋಳಿಗೆ ಕಟ್ಟಿ ನೀರಿಗೆ ಇಳಿಸಿ ಎತ್ತುವ ಮೀನುಗಾರಿಕೆ ಇಂದಿಗೂ ನಡೆಯುತ್ತಿದೆ, ದಂಡೆಯಲ್ಲಿ ಆ ಬಲೆಯ ಗುಡಿಸಲುಗಳು ಸಾಲಾಗಿ ನಿಂತಿವೆ. ಹೊಳೆಯಲ್ಲಿ ತೇಲುವ ದೋಣಿಗಳ ಮೇಲೆ ಗಿರಣಿ ಕೂರಿಸಿ, ಹರಿವಿನಿಂದಲೇ ಕಲ್ಲು ತಿರುಗಿಸಿ ಹಿಟ್ಟು ಬೀಸುತ್ತಿದ್ದರು. ಹಾಗೆ ತೇಲುವ ಗಿರಣಿಯೊಂದನ್ನು ಒರ್ತ್‌ನಲ್ಲಿ ಮತ್ತೆ ಕಟ್ಟಿ ನಿಲ್ಲಿಸಿದ್ದಾರೆ. ಹುಲ್ಲುಗಾವಲುಗಳನ್ನು ಈಗಲೂ ಕೊಯ್ಯಲಾಗುತ್ತದೆ. ಕೊಯ್ಯದಿದ್ದರೆ ಕೆಲವೇ ವರ್ಷಗಳಲ್ಲಿ ಪೊದೆ ಬೆಳೆದು ಅಲ್ಲಿನ ಹೂಗಳೂ ಆರ್ಕಿಡ್‌ಗಳೂ ಇಲ್ಲವಾಗುತ್ತವೆ. ಇಂಥ ಕಡೆ ನಿಸರ್ಗ ಎಲ್ಲಿಗೆ ಮುಗಿದು ಸಂಸ್ಕೃತಿ ಎಲ್ಲಿ ಶುರುವಾಗುತ್ತದೆಂದು ಗೆರೆ ಎಳೆಯಲು ನನಗೆ ಆಗುವುದಿಲ್ಲ.

ಒಡ್ಡು ಬಂದದ್ದು

ಈ ಬಾಳ್ವೆಯ ಬುಡ ಅಲುಗಿದ್ದು 19ನೆಯ ಶತಮಾನದಲ್ಲಿ. ನೆರೆ ವಿಯೆನ್ನಾವನ್ನು ಪದೇಪದೇ ಮುಳುಗಿಸುತ್ತಿತ್ತು. ಉಗಿಹಡಗುಗಳಿಗೆ ನೇರವಾದ, ಆಳವಾದ ಒಂದೇ ಪಾತ್ರ ಬೇಕಿತ್ತು. 1870ರಿಂದ 1875ರವರೆಗೆ ವಿಯೆನ್ನಾದಲ್ಲಿ ಹೊಸ ಪಾತ್ರ ತೋಡಿದರು. ಕೆಳಭಾಗದಲ್ಲಿಯೂ ನದಿಯನ್ನು ನೇರಗೊಳಿಸಿ, ದಂಡೆಗಳಿಗೆ ಬಂಡೆಕಲ್ಲು ಹಾಸಿ, ಕವಲುಗಳ ಬಾಯಿಗೆ ಕಟ್ಟೆ ಕಟ್ಟಿದರು. ಉತ್ತರದ ಹೊಲಗಳನ್ನು ಕಾಯಲು ನೆರೆಗಾಡಿನ ನಡುವೆಯೇ ಉದ್ದನೆಯ ಮಣ್ಣಿನ ಒಡ್ಡು ಎದ್ದಿತು. ಒಡ್ಡಿನ ಆಚೆ ಉಳಿದ ಕಾಡಿಗೆ ಅಂದಿನಿಂದ ನೆರೆ ನೇರವಾಗಿ ಬರಲೇ ಇಲ್ಲ. ಈಚೆಯ ಕಾಡಿಗೆ ಬಂದರೂ ಮೊದಲಿನ ರಭಸವಿರಲಿಲ್ಲ. ನೀರು ಏರಿ ನಿಂತು ಮಣ್ಣು ಬಿಟ್ಟು ಇಳಿಯಿತು, ನೆಲವನ್ನು ಕೊರೆದು ಹೊಸದು ಮಾಡಲಿಲ್ಲ.

ಇದನ್ನು ತಪ್ಪೆಂದು ಇಂದು ಕುಳಿತು ಹೇಳುವುದು ಸುಲಭ. ಆ ಒಡ್ಡಿನ ಹಿಂದೆ ಊರುಗಳು ನೆಮ್ಮದಿಯಾಗಿ ನಿದ್ದೆ ಮಾಡಿವೆ, ಇವತ್ತಿಗೂ ಮಾಡುತ್ತಿವೆ. ಒಡ್ಡಿನ ಇಳಿಜಾರಿನ ಒಣಹುಲ್ಲಿನಲ್ಲಿ ಆರ್ಕಿಡ್‌ಗಳು ನೆಲೆ ಕಂಡುಕೊಂಡಿವೆ, ಬಿಸಿಲು ಬೀಳುವ ಮಗ್ಗುಲಲ್ಲಿ ಕೊಳದಾಮೆಗಳು ಮೊಟ್ಟೆಯಿಡುತ್ತವೆ. ಆದರೆ ಕಾಡಿನ ಮಟ್ಟಿಗೆ ಲೆಕ್ಕ ಬೇರೆ. ನೇರವಾದ ಪಾತ್ರದಲ್ಲಿ ನೀರು ವೇಗ ಪಡೆದು ತನ್ನ ತಳವನ್ನೇ ಕೆರೆಯತೊಡಗಿತು. ದಂಡೆ ಕಲ್ಲಿನಿಂದ ಬಿಗಿದಿರುವುದರಿಂದ ಪಕ್ಕದಿಂದ ಹೊಸ ಕಲ್ಲುಮರಳು ಸಿಗುವುದಿಲ್ಲ. ಮೇಲಿನ ಅಣೆಕಟ್ಟುಗಳು ಮೇಲಿನಿಂದ ಬರುವುದನ್ನು ಹಿಡಿದಿಟ್ಟುಕೊಳ್ಳುತ್ತವೆ. ವರ್ಷಕ್ಕೆ ಎರಡು ಸೆಂಟಿಮೀಟರಿನ ಆಸುಪಾಸಿನಲ್ಲಿ ತಳ ಇಳಿಯುತ್ತ ಬಂದಿದೆ. ಕೇಳಲು ಸಣ್ಣ ಸಂಖ್ಯೆ. ಐವತ್ತು ವರ್ಷಕ್ಕೆ ಒಂದು ಮೀಟರ್. ಮೆದುಮರಕ್ಕೂ ಗಡಸುಮರಕ್ಕೂ ನಡುವಿನ ಅಂತರ ಆಳುದ್ದವೂ ಇಲ್ಲವೆಂದು ಮೇಲೆ ಹೇಳಿದೆನಲ್ಲ, ಆ ಅಳತೆಯಲ್ಲಿ ಇದನ್ನು ನೋಡಬೇಕು. ನದಿ ಇಳಿದಂತೆ ಅಂತರ್ಜಲವೂ ಇಳಿಯುತ್ತದೆ, ಕಾಡು ನಿಂತಲ್ಲೇ ನೀರಿನಿಂದ ದೂರವಾಗುತ್ತದೆ.

1984: ಚಳಿಯ ಹದಿನೈದು ದಿನ

ಎರಡನೆಯ ಮಹಾಯುದ್ಧದ ನಂತರ ಆಸ್ಟ್ರಿಯಾ ಡ್ಯಾನ್ಯೂಬಿನ ಮೇಲೆ ಒಂದರ ಹಿಂದೊಂದು ಅಣೆಕಟ್ಟು ಕಟ್ಟುತ್ತ ಬಂತು. ಬೆಳಕು, ಕೈಗಾರಿಕೆ, ಉದ್ಯೋಗ ಎಲ್ಲವೂ ಅದರಿಂದ ಬಂದವು. ಅಣೆಕಟ್ಟು ಕಟ್ಟುವುದೆಂದರೆ ದೇಶ ಕಟ್ಟುವುದು ಎಂಬ ಭಾವನೆ ನಮ್ಮಲ್ಲಿದ್ದಂತೆ ಅಲ್ಲಿಯೂ ಇತ್ತು. 1978ರಲ್ಲಿ ಜನಮತಗಣನೆ ನಡೆಸಿ, ಕಟ್ಟಿ ಮುಗಿದಿದ್ದ ತ್ಸ್ವೆಂಟೆನ್‌ಡೋರ್ಫ್ ಅಣುಸ್ಥಾವರವನ್ನು ಕೂದಲೆಳೆಯ ಅಂತರದಲ್ಲಿ ಬೇಡವೆಂದ ಮೇಲೆ ಜಲವಿದ್ಯುತ್ತಿನ ಕಡೆ ಒತ್ತಡ ಹೆಚ್ಚಿತು. 1980ರ ದಶಕದ ಆರಂಭಕ್ಕೆ ಅಣೆಕಟ್ಟಿನ ಹಿನ್ನೀರಿಗೆ ಸಿಗದೆ ಹರಿಯುತ್ತಿದ್ದ ಭಾಗ ಉಳಿದದ್ದು ವಾಖಾವ್ ಕಣಿವೆಯಲ್ಲಿ ಮತ್ತು ವಿಯೆನ್ನಾದ ಪೂರ್ವಕ್ಕೆ ಮಾತ್ರ. ಆ ಪೂರ್ವದ ಭಾಗದಲ್ಲಿ ಹೈನ್‌ಬುರ್ಗ್ ಬಳಿ ಸುಮಾರು 360 ಮೆಗಾವಾಟ್ ಸಾಮರ್ಥ್ಯದ ಸ್ಥಾವರಕ್ಕೆ ಯೋಜನೆ ಸಿದ್ಧವಾಯಿತು.

ಯೋಜನೆಯ ಪರವಾಗಿದ್ದವರ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿರಲಿಲ್ಲ. ಆಮ್ಲಮಳೆಯಿಂದ ಯುರೋಪಿನ ಕಾಡುಗಳು ಸಾಯುತ್ತಿದ್ದ ಕಾಲ ಅದು. ಕಲ್ಲಿದ್ದಲಿಗಿಂತ ಜಲವಿದ್ಯುತ್ ಶುದ್ಧ ಎಂದರು. ಉಕ್ಕಿನ ಕಾರ್ಖಾನೆಗಳು ಸೊರಗುತ್ತಿದ್ದವು; ಕಟ್ಟಡ ಕಾರ್ಮಿಕರಿಗೆ ಕೆಲಸ ಬೇಕು ಎಂದು ಸಂಘಗಳು ಪಟ್ಟು ಹಿಡಿದವು. ಎಲ್ಲಕ್ಕಿಂತ ಚುರುಕಾದ ವಾದ ಇನ್ನೊಂದಿತ್ತು: ನದಿಯ ತಳ ಹೇಗೂ ಇಳಿಯುತ್ತಿದೆ, ನೆರೆಗಾಡು ಹೇಗೂ ಒಣಗುತ್ತಿದೆ, ಅಣೆಕಟ್ಟು ಕಟ್ಟಿದರೆ ನೀರಿನ ಮಟ್ಟ ಏರುತ್ತದೆ, ಕಾಡಿಗೆ ಕಾಲುವೆಯಿಂದ ನೀರು ಹಾಯಿಸಬಹುದು. ಬೆರ್ಂಡ್ ಲೋಟ್ಷ್ ಮುಂತಾದ ಪರಿಸರ ವಿಜ್ಞಾನಿಗಳು ಎದುರು ನಿಂತದ್ದು ಇದಕ್ಕೇ. ತೋಟಕ್ಕೆ ನೀರು ಹಾಯಿಸುವುದಕ್ಕೂ ನೆರೆ ಬಂದು ಇಳಿಯುವುದಕ್ಕೂ ಸಂಬಂಧವಿಲ್ಲ. ಏಳು ಮೀಟರು ಏರಿ ಇಳಿಯುವ ಹೊಳೆಯ ಬದಲು ಒಂದೇ ಮಟ್ಟದಲ್ಲಿ ನಿಂತ ಕೆರೆ, ಎರಡೂ ಕಡೆ ನೀರು ಸೋರದ ಗೋಡೆ. ಅಲ್ಲಿ ಮರಗಳು ಹಸಿರಾಗಿರಬಹುದು, ನೆರೆಗಾಡು ಇರುವುದಿಲ್ಲ.

1984ರ ಮೇ 7ರಂದು ವಿಯೆನ್ನಾದಲ್ಲಿ ವಿಚಿತ್ರವಾದ ಪತ್ರಿಕಾಗೋಷ್ಠಿಯೊಂದು ನಡೆಯಿತು. ಬೇರೆ ಬೇರೆ ಪಕ್ಷಗಳ ರಾಜಕಾರಣಿಗಳೂ ಲೇಖಕರೂ ನೆರೆಗಾಡಿನ ಪ್ರಾಣಿಗಳ ವೇಷದಲ್ಲಿ ಬಂದು ಕುಳಿತರು. ಪತ್ರಕರ್ತ ಗ್ಯುಂಟರ್ ನೆನಿಂಗ್ ಕೆಂಪು ಜಿಂಕೆ. ಯೋರ್ಗ್ ಮೌಟೆ ಕಪ್ಪು ಕೊಕ್ಕರೆ. ಊರೆಲ್ಲ ಅದನ್ನೇ ಮಾತಾಡಿತು. ಅವರು ಘೋಷಿಸಿದ್ದು ನೊಬೆಲ್ ಪುರಸ್ಕೃತ ಪ್ರಾಣಿವಿಜ್ಞಾನಿ ಕಾನ್ರಾಡ್ ಲೊರೆನ್ಸ್ ಹೆಸರಿನ ಜನಮನವಿಯನ್ನು. ಯಕ್ಷಗಾನ, ಭೂತಕೋಲಗಳ ನಾಡಿನವರಿಗೆ ವೇಷ ಕಟ್ಟಿ ಸತ್ಯ ನುಡಿಯುವುದು ಹೊಸದಲ್ಲ. ಆದರೆ ಸೂಟು ತೊಟ್ಟ ವಿಯೆನ್ನಾಕ್ಕೆ ಅದು ಹೊಸದು, ಅದಕ್ಕೇ ನಾಟಿತು.

ಆದರೂ ನವೆಂಬರ್ ಕೊನೆಗೆ ಕೆಳ ಆಸ್ಟ್ರಿಯಾ ಪ್ರಾಂತ್ಯದ ಪರವಾನಗಿ ಬಂತು, ಡಿಸೆಂಬರ್ ಆರಂಭಕ್ಕೆ ನೀರಿನ ಕಾಯಿದೆಯ ಪರವಾನಗಿಯೂ ಬಂತು. ಈ ನೆಲ ಆಗಲೇ ಸಂರಕ್ಷಿತ ಎಂದು ಘೋಷಿತವಾಗಿತ್ತು. ಎರಡು ವರ್ಷ ಮೊದಲು ರಾಮ್ಸರ್ ಒಪ್ಪಂದಕ್ಕೆ ಸೇರುವಾಗ ಆಸ್ಟ್ರಿಯಾ ತಾನಾಗಿಯೇ ಕೊಟ್ಟ ಜೌಗು ಪ್ರದೇಶಗಳ ಪಟ್ಟಿಯಲ್ಲಿ ಇದೂ ಇತ್ತು. ಕಾಗದದ ಮೇಲಿನ ರಕ್ಷಣೆ ಎಷ್ಟು ತೆಳುವೆಂಬುದು ನನಗೆ ಈ ಪ್ರಕರಣದಲ್ಲಿ ಕಂಡಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಂಡಿಲ್ಲ.

ಡಿಸೆಂಬರ್ 8ರಂದು ಸಾವಿರಾರು ಜನ ಕಾಡಿಗೆ ನಡೆದು ಬಂದರು. ನೂರಾರು ಜನ ಹಿಂದಿರುಗಲಿಲ್ಲ. ಸ್ಟಾಪ್ಫೆನ್‌ರಾಯ್ಟ್ ಬಳಿ ಡೇರೆ ಹಾಕಿದರು, ಹುಲ್ಲು ಹಾಸಿಕೊಂಡರು, ಬಿದ್ದ ಮರಗಳಿಂದ ದಾರಿಗೆ ಅಡ್ಡ ಕಟ್ಟಿದರು. ವಿದ್ಯಾರ್ಥಿಗಳ ಜೊತೆ ವಿಜ್ಞಾನಿಗಳು, ಧರ್ಮನಿಷ್ಠರು, ಎಡಪಂಥೀಯರು, ಸಂಪ್ರದಾಯಸ್ಥರು ಒಂದೇ ಬೆಂಕಿಯ ಸುತ್ತ ಕುಳಿತರು. ಚಿತ್ರಕಲಾವಿದ ಹುಂಡರ್ಟ್‌ವಾಸರ್ ಕೂಡ ಬಂದು ಅಲ್ಲಿ ತಂಗಿದರು; ತಮಗೆ ಬಂದಿದ್ದ ರಾಜ್ಯ ಪ್ರಶಸ್ತಿಯ ಪತ್ರವನ್ನು ಹರಿದುಹಾಕಿದರು. 10ರಿಂದ ಮರ ಕಡಿಯುವವರು ಬಂದಾಗಲೆಲ್ಲ ಜನ ಮರಗಳಿಗೆ ಅಡ್ಡ ನಿಂತರು, ಕೆಲವರು ಅಪ್ಪಿಕೊಂಡರು.

ಇಲ್ಲಿಗೆ ಬಂದಾಗ ಕನ್ನಡಿಗರಿಗೆ ಶಿರಸಿ ನೆನಪಾಗದೆ ಇರದು. ಇದಕ್ಕೆ ಹದಿನೈದು ತಿಂಗಳ ಮೊದಲು, 1983ರ ಸೆಪ್ಟೆಂಬರಿನಲ್ಲಿ, ಸಾಲ್ಕಣಿಯ ಜನ ಕಾಡಿಗೆ ಹೋಗಿ ಕೊಡಲಿಯ ಮುಂದೆ ಮರಗಳನ್ನು ತಬ್ಬಿ ನಿಂತದ್ದು ಅಪ್ಪಿಕೋ ಚಳವಳಿಯಾಗಿತ್ತು. ಕೇರಳದ ಸೈಲೆಂಟ್ ವ್ಯಾಲಿಯಲ್ಲಿ ಅಣೆಕಟ್ಟು ಬೇಡವೆಂಬ ದೀರ್ಘ ಹೋರಾಟ ಫಲಿಸಿ, ಆ ಕಾಡು ರಾಷ್ಟ್ರೀಯ ಉದ್ಯಾನವೆಂದು ಘೋಷಣೆಯಾದದ್ದು ಇದೇ 1984ರ ನವೆಂಬರಿನಲ್ಲಿ. ಒಬ್ಬರಿಂದೊಬ್ಬರು ಕಲಿತರೆಂದು ನಾನು ಹೇಳುತ್ತಿಲ್ಲ. ಸಾವಿರಾರು ಮೈಲಿ ದೂರದ ಜನ ಅದೇ ವರ್ಷಗಳಲ್ಲಿ, ಅದೇ ಅಪ್ಪುಗೆಯಲ್ಲಿ ಮರಗಳನ್ನು ಕಾದರು ಎಂಬುದಷ್ಟೇ ನನ್ನನ್ನು ಕದಲಿಸುತ್ತದೆ.

ಡಿಸೆಂಬರ್ 19ರ ಬೆಳಗ್ಗೆ ಸುಮಾರು 800 ಪೊಲೀಸರು ಕಾಡನ್ನು ಸುತ್ತುವರಿದರು. ಒಳಗಿದ್ದವರು ಸುಮಾರು 3,000. ಲಾಠಿ ಬೀಸಿತು, ಹಲವು ಹೆಕ್ಟೇರ್ ಕಾಡು ಉರುಳಿತು, ಅಧಿಕೃತ ಲೆಕ್ಕದಲ್ಲಿಯೇ 19 ಜನ ಗಾಯಗೊಂಡರು. ಅದೇ ಸಂಜೆ ವಿಯೆನ್ನಾದ ಬೀದಿಗಳಲ್ಲಿ ಸುಮಾರು 40,000 ಜನ ಸೇರಿದರು. ಎರಡು ಮೂರು ದಿನಗಳಲ್ಲಿ ಪ್ರಧಾನಿ ಫ್ರೆಡ್ ಸಿನೊವಾಟ್ಸ್ 'ಕ್ರಿಸ್‌ಮಸ್ ಶಾಂತಿ' ಘೋಷಿಸಿ ಕಡಿತವನ್ನು ನಿಲ್ಲಿಸಿದರು. ಬಹಳ ಮಂದಿ ಹಬ್ಬವನ್ನು ಕಾಡಿನಲ್ಲೇ ಕಳೆದರು. 1985ರ ಜನವರಿ 2ರಂದು ಆಡಳಿತ ನ್ಯಾಯಾಲಯ ತಡೆ ನೀಡಿತು. ಮಾರ್ಚಿನಲ್ಲಿ ಜನಮನವಿಗೆ 3,53,906 ಜನ ಸಹಿ ಹಾಕಿದರು. ಆಗ ಆ ದೇಶದ ಜನಸಂಖ್ಯೆ ಸುಮಾರು 75 ಲಕ್ಷ. 1986ರ ಜುಲೈ 1ರಂದು ನೀರಿನ ಕಾಯಿದೆಯ ಪರವಾನಗಿಯನ್ನು ನ್ಯಾಯಾಲಯ ರದ್ದುಗೊಳಿಸಿತು. ಅದೇ ವರ್ಷ ಹಸಿರು ಪಕ್ಷ ಮೊದಲ ಬಾರಿಗೆ ಸಂಸತ್ತಿಗೆ ಬಂತು.

ಸಿನೊವಾಟ್ಸ್ ಅವರ ಬಗ್ಗೆ ಒಂದು ಮಾತು ಹೇಳಲೇಬೇಕು. ಅವರದೇ ಪಕ್ಷದ ಬೆನ್ನೆಲುಬಾಗಿದ್ದ ಕಾರ್ಮಿಕ ಸಂಘಗಳು ಅಣೆಕಟ್ಟಿಗಾಗಿ ಕಾದಿದ್ದವು, ಕಾರ್ಮಿಕರೇ ಕಾಡಿಗೆ ನುಗ್ಗಿ ಬರುವ ಮಾತೂ ಇತ್ತು. ಬಲ ಬಳಸುವ ಅಧಿಕಾರ ಕೈಯಲ್ಲಿದ್ದೂ, ಒಮ್ಮೆ ಬಳಸಿಯೂ, ಮತ್ತೆ ಹಿಂದೆ ಸರಿಯುವುದು ಆಳುವವರಿಗೆ ಕಷ್ಟದ ಕೆಲಸ. ಅವರು ಅದನ್ನು ಮಾಡಿದರು. ಹೋರಾಟಗಾರರ ಹೆಸರಿನ ಜೊತೆ ಆ ಹೆಸರನ್ನೂ ನಾನು ಗೌರವದಿಂದ ನೆನೆಯುತ್ತೇನೆ.

ಉಳಿದ ಕಾಡಿಗೆ ನೀರು ತರುವುದು

ಅಣೆಕಟ್ಟಿನ ಯೋಚನೆ ಬೇರೆ ಬೇರೆ ರೂಪದಲ್ಲಿ ತಲೆಯೆತ್ತುತ್ತಲೇ ಇತ್ತು. 1989ರಲ್ಲಿ ಡಬ್ಲ್ಯುಡಬ್ಲ್ಯುಎಫ್ ಸಂಸ್ಥೆ ಸಾರ್ವಜನಿಕರಿಂದ ಹಣ ಕೂಡಿಸಿ ರೇಗೆಲ್ಸ್‌ಬ್ರುನ್ ಬಳಿಯ 411 ಹೆಕ್ಟೇರ್ ನೆರೆಗಾಡನ್ನು ಕೊಂಡುಕೊಂಡಿತು. ಸುಮಾರು 1,20,000 ಜನ ದೇಣಿಗೆ ಕೊಟ್ಟರು. ಚಳಿಯಲ್ಲಿ ಬಂದು ಮಲಗಲಾಗದವರೂ ಹೀಗೆ ಕಾಡಿನ ಒಂದೊಂದು ತುಂಡಿಗೆ ಹೊಣೆಯಾದರು. 1996ರ ಅಕ್ಟೋಬರ್ 27ರಂದು ಕೇಂದ್ರ ಸರ್ಕಾರ, ಕೆಳ ಆಸ್ಟ್ರಿಯಾ ಮತ್ತು ವಿಯೆನ್ನಾ ಒಪ್ಪಂದಕ್ಕೆ ಸಹಿ ಹಾಕಿ ಡೋನಾವ್–ಆವೆನ್ ರಾಷ್ಟ್ರೀಯ ಉದ್ಯಾನ ಹುಟ್ಟಿತು. ಆಗ 9,300 ಹೆಕ್ಟೇರ್. ಈಗ 9,600ಕ್ಕೂ ಹೆಚ್ಚು.

ಆಮೇಲಿನ ಕೆಲಸದಲ್ಲಿ ಘೋಷಣೆಯಿಲ್ಲ, ಪತ್ರಿಕೆಗಳ ಮುಖಪುಟವಿಲ್ಲ. ನೂರು ವರ್ಷ ಹಿಂದಿನ ಎಂಜಿನಿಯರುಗಳು ಕಟ್ಟಿದ್ದನ್ನು ಇಂದಿನ ಎಂಜಿನಿಯರುಗಳು ಬಿಚ್ಚುತ್ತ ಬಂದಿದ್ದಾರೆ. 1990ರ ದಶಕದ ಕೊನೆಗೆ ರೇಗೆಲ್ಸ್‌ಬ್ರುನ್ ಕಡೆಯ ಕವಲುಗಳ ಬಾಯಿಯನ್ನು ತಗ್ಗಿಸಿ ನದಿಗೆ ಮತ್ತೆ ಜೋಡಿಸಿದರು. ಅನಂತರ ಒರ್ತ್ ಬಳಿ, ಆಮೇಲೆ ಬೇರೆ ಕಡೆ. ವರ್ಷದಲ್ಲಿ ಬೆರಳೆಣಿಕೆಯ ದಿನ ನೀರು ಕಾಣುತ್ತಿದ್ದ ಕವಲುಗಳು ವರ್ಷದ ಬಹುಪಾಲು ಹರಿಯತೊಡಗಿದವು. 1976ರಿಂದ ಮತ್ತೆ ತಂದು ಬಿಟ್ಟಿದ್ದ ಬೀವರ್‌ಗಳು ಈಗ ಎಲ್ಲೆಡೆ ಹಬ್ಬಿವೆ. ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ದೇಶದಿಂದಲೇ ಮಾಯವಾಗಿದ್ದ ಬಿಳಿಬಾಲದ ಹದ್ದು 2001ರಿಂದ ಆಸ್ಟ್ರಿಯಾದಲ್ಲಿ ಮತ್ತೆ ಗೂಡು ಕಟ್ಟುತ್ತಿದೆ, ಇಲ್ಲಿಗೂ ಮರಳಿದೆ.

ತಳ ಇಳಿಯುವ ಕಾಯಿಲೆಗೆ ಮಾತ್ರ ಸುಲಭದ ಮದ್ದಿಲ್ಲ. ಉದ್ಯಾನದ ಮೇಲ್ಗಡೆಯ ಫ್ರಾಯ್ಡೆನಾವ್ ಅಣೆಕಟ್ಟು 1998ರಲ್ಲಿ ಕೆಲಸ ಆರಂಭಿಸಿತು. ಅದು ತಡೆಹಿಡಿಯುವ ಕಲ್ಲಿಗೆ ಬದಲಾಗಿ ವಿದ್ಯುತ್ ಕಂಪನಿ ಕೆಳಗಡೆ ದೋಣಿಗಳಿಂದ ಕಲ್ಲು ಸುರಿಯಬೇಕೆಂಬ ಷರತ್ತಿದೆ. ಇನ್ನು ಕೆಲವೆಡೆ ನದಿ ಹೊತ್ತು ತಂದು ಕೆಳಗೆ ಬಿಟ್ಟ ಕಲ್ಲನ್ನು ಎತ್ತಿ ಮತ್ತೆ ಮೇಲಕ್ಕೆ ತಂದು ಹಾಕುತ್ತಾರೆ. ಹೊಳೆ ತಾನಾಗಿ ಮಾಡುತ್ತಿದ್ದುದನ್ನು ದೋಣಿಯಿಂದ ಮಾಡಿಸುವ ಈ ದುಡಿಮೆಗೆ ಕೊನೆಯಿಲ್ಲ, ಆದರೆ ನಿಲ್ಲಿಸಿದರೆ ಕಾಡು ನೀರು ಕಳೆದುಕೊಳ್ಳುತ್ತದೆ. ಇದರ ನಡುವೆ ಹಡಗುಗಳಿಗೆ ದಾರಿಯೂ ಇರಬೇಕು. ಡ್ಯಾನ್ಯೂಬ್ ಅಂತರರಾಷ್ಟ್ರೀಯ ಜಲಮಾರ್ಗ.

ಲೋಬಾವ್‌ನ ಸ್ಥಿತಿ ಇನ್ನೂ ಕಠಿಣ. ಒಡ್ಡಿನ ಹಿಂದೆ ಸಿಕ್ಕಿಕೊಂಡ ಆ ಭಾಗಕ್ಕೆ ನೆರೆ ಬರುವುದು ಷೋನಾವ್ ಬಳಿಯ ಒಂದೇ ತೆರಪಿನಿಂದ, ಅದೂ ಹಿಂಬದಿಯಿಂದ ಏರಿ. ಹರಿವಿಲ್ಲದ ನೀರು ಹೂಳು ಬಿಡುತ್ತದೆ, ಹಳೆಯ ಕವಲುಗಳು ವರ್ಷದಿಂದ ವರ್ಷಕ್ಕೆ ತುಂಬಿ ಜೊಂಡಾಗುತ್ತಿವೆ. ನದಿಯ ನೀರನ್ನು ನೇರ ಬಿಡಿ ಎನ್ನುವವರಿಗೆ ಎದುರಾಗುವುದು ವಿಯೆನ್ನಾದ ಕುಡಿಯುವ ನೀರಿನ ಬಾವಿಗಳು. ಅವು ಇದೇ ನೆಲದಲ್ಲಿವೆ, ನದಿಯ ನೀರು ನುಗ್ಗಿದರೆ ಅವು ಕೆಡಬಹುದೆಂಬ ಆತಂಕ. ಎರಡೂ ಕಡೆ ನ್ಯಾಯವಿದೆ. ನನ್ನ ಒಲವು ಮಾತ್ರ ನೀರು ಬಿಡುವವರ ಕಡೆ: ಬಾವಿಗೆ ಬೇರೆ ದಾರಿ ಹುಡುಕಬಹುದು, ತುಂಬಿಹೋದ ಕವಲಿಗೆ ಬೇರೆ ದಾರಿಯಿಲ್ಲ. ಲೋಬಾವ್‌ನ ಅಡಿಯಲ್ಲಿ ಸುಮಾರು ಎಂಟು ಕಿಲೋಮೀಟರ್ ಹೆದ್ದಾರಿ ಸುರಂಗ ಕೊರೆಯುವ ಯೋಜನೆಯನ್ನು 2021ರ ಡಿಸೆಂಬರಿನಲ್ಲಿ ಸಚಿವೆ ಲಿಯೊನೊರೆ ಗೆವೆಸ್ಲರ್ ಕೈಬಿಟ್ಟಿದ್ದರು; ನಂತರದ ಸರ್ಕಾರ ಅದನ್ನು ಮತ್ತೆ ಕೈಗೆತ್ತಿಕೊಂಡಿದೆ. ಇದರ ಜೊತೆಗೆ ಶಿಲೀಂಧ್ರ ರೋಗವೊಂದು ಆಶ್ ಮರಗಳನ್ನು ಸಾಲುಸಾಲಾಗಿ ಕೊಲ್ಲುತ್ತಿದೆ.

ಹೈನ್‌ಬುರ್ಗ್ ಊರಿನ ಎದುರಿನ ದಂಡೆಗೆ ಟುರ್ನ್‌ಹೌಫೆನ್ ಎಂದು ಹೆಸರು. 1984ರಲ್ಲಿ ಡೇರೆಗಳು ನಿಂತಿದ್ದ ಸ್ಟಾಪ್ಫೆನ್‌ರಾಯ್ಟ್ ಕಾಡಿಗೆ ಇದು ಹೊಂದಿಕೊಂಡಿದೆ. 2005–06ರಲ್ಲಿ ಇಲ್ಲಿ ಸುಮಾರು ಮೂರು ಕಿಲೋಮೀಟರ್ ಉದ್ದಕ್ಕೆ ದಂಡೆಯ ಬಂಡೆಕಲ್ಲುಗಳನ್ನು ಕಿತ್ತು ತೆಗೆದರು. ನದಿ ಮರುವರ್ಷವೇ ದಂಡೆಯನ್ನು ಕೊರೆಯತೊಡಗಿತು. ದಂಡೆ ಕುಸಿದು, ಮರಗಳು ಬೇರು ಸಮೇತ ನೀರಿಗೆ ಬಿದ್ದವು. ಯಾರೂ ಅವನ್ನು ಎತ್ತಲಿಲ್ಲ. ಬಿದ್ದ ಮರಗಳ ಸಂದಿಯಲ್ಲಿ ಮರಿಮೀನುಗಳು ಸೇರಿಕೊಂಡವು, ಕಡಿದ ಮಣ್ಣಿನ ಗೋಡೆಯಲ್ಲಿ ಮಿಂಚುಳ್ಳಿ ಬಿಲ ಕೊರೆಯಿತು. ಮುಂದೆ ಚಾಚಿದ ಕಲ್ಲುದಿಬ್ಬದ ಮೇಲೆ ಬೇಸಗೆಯ ನೀರು ಇಳಿದ ಮೇಲೆ ಗೇಣುದ್ದದ ಪಾಪ್ಲರ್ ಮತ್ತು ವಿಲ್ಲೋ ಸಸಿಗಳು ಏಳುತ್ತವೆ. ಅವುಗಳಲ್ಲಿ ಬಹುಪಾಲನ್ನು ಮುಂದಿನ ನೆರೆ ಒಯ್ಯುತ್ತದೆ, ಕೆಲವನ್ನು ಬಿಡುತ್ತದೆ.